ಕೆಸರು ಹತ್ತಿದ ಠರಾವು

ಶಾಲೆ ಮುಚ್ಚಲು ಊರೇ ಒಪ್ಪಿಗೆ ಕೊಟ್ಟಿದೆ ಎಂದು ನನಗೆ ಮೊದಲು ಹೇಳಿದವನು ಬೆಂಚು ಎಣಿಸಲು ಬಂದ ಗುಮಾಸ್ತ. ಮೇ ತಿಂಗಳ ಒಂದು ಮಧ್ಯಾಹ್ನ. ಸಿದ್ದಾಪುರದ ವೆಲ್ಡಿಂಗ್ ಶಾಪಿನಲ್ಲಿ ನನ್ನ ಕೆಲಸ. ಊರಿನ ಹೈಸ್ಕೂಲಿನ ಗೇಟು ಬಿಜಾಗರಿ ಕಿತ್ತು ಜೋತಾಡುತ್ತಿದೆ ಎಂದು ಅವ್ವ ಮೂರು ಸಲ ಹೇಳಿದ್ದಕ್ಕೆ ಒಂದು ದಿನ ರಜೆ ಹಾಕಿ ಮಷೀನು ಕಟ್ಟಿಕೊಂಡು ಬಂದಿದ್ದೆ. ಒಳಗೆ ಹೋದ ಗುಮಾಸ್ತ ಹತ್ತು ನಿಮಿಷದಲ್ಲಿ ಹೊರಬಂದು, ನನ್ನ ಕೆಲಸ ನೋಡುತ್ತ ನಿಂತ.

“ಎಂತಕ್ಕೆ ಕಣ್ಣು ಸುಟ್ಕಳ್ತೆ ಮಾರಾಯ? ಜೂನಿಂದ ಈ ಗೇಟಿಗೆ ಕೆಲಸ ಇಲ್ಲ.”

“ಯಾಕೆ?”

“ಶಾಲೆಯೇ ಇಲ್ಲ ಅಂದಮೇಲೆ ಗೇಟು ಎಂತಕ್ಕೆ? ವಿಲೀನ ಆತಲ್ಲ. ನಿಮ್ಮೂರವರೇ ಠರಾವು ಮಾಡಿ ಕೊಟ್ಟದ್ದು.”

ಅವನು ಬೈಕು ಹತ್ತಿ ಹೋದ. ನಾನು ಅರ್ಧ ಕೂಡಿದ ಬಿಜಾಗರಿಯನ್ನು ಹಾಗೇ ಬಿಟ್ಟು ಮನೆಗೆ ಬಂದೆ.

ನಮ್ಮೂರು ಗೇರಹಕ್ಕಲು, ತ್ಯಾಗಲಿಯಿಂದ ಇನ್ನೂ ಒಳಗೆ. ಹೈಸ್ಕೂಲಿನಲ್ಲಿ ಮೂರು ತರಗತಿಗೆ ಇಪ್ಪತ್ತಮೂರು ಮಕ್ಕಳು, ಇಬ್ಬರು ಮಾಸ್ತರರು. ಇಂಥ ಸಣ್ಣ ಶಾಲೆಗಳನ್ನೆಲ್ಲ ಒಟ್ಟುಮಾಡಿ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಂಪೌಂಡಿನ ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂದು ಎರಡು ವರ್ಷದಿಂದ ಕೇಳುತ್ತಿದ್ದೆವು. ನಮಗೆ ಹತ್ತಿರದ ದೊಡ್ಡ ಶಾಲೆ ಹದಿನಾಲ್ಕು ಕಿಲೋಮೀಟರ್. ಅದರಲ್ಲಿ ಐದು ಕಿಲೋಮೀಟರ್ ಕಾಡುದಾರಿಯ ಮಣ್ಣುರಸ್ತೆಯಲ್ಲಿ ನಡೆದು ಡಾಂಬರು ರಸ್ತೆಗೆ ಮುಟ್ಟಬೇಕು, ಅಲ್ಲಿ ಏಳೂ ನಲವತ್ತಕ್ಕೆ ಒಂದು ಬಸ್ಸು. ಅದು ತಪ್ಪಿದರೆ ಹನ್ನೊಂದಕ್ಕೆ ಇನ್ನೊಂದು.

ನನ್ನ ತಂಗಿ ಸೌಮ್ಯ ಒಂಬತ್ತನೆಯದು ಮುಗಿಸಿ ಹತ್ತನೆಯ ತರಗತಿಗೆ ಹೋಗುವವಳಿದ್ದಳು. ಅಪ್ಪ ಆಗಲೇ ಹೇಳಿದ್ದ, “ಊರಲ್ಲಿ ಶಾಲೆ ಇದ್ರೆ ಓದ್ಲಿ. ಕಾಡುದಾರಿ ಹಿಡಿದು ಹೋಗೂದಾದ್ರೆ ಬ್ಯಾಡ. ಶಿರಸಿಯಲ್ಲಿ ಜಯಾ ಚಿಕ್ಕಿ ಹತ್ರ ಹೊಲಿಗೆ ಕಲೀಲಿ.” ಅಪ್ಪ ಒಮ್ಮೆ ಹೇಳಿದರೆ ಎರಡನೆಯ ಸಲ ಹೇಳುವ ಗಂಡಸಲ್ಲ. ಹೊಲಿಗೆ ಮಷೀನಿಗೆ ಎಣ್ಣೆ ಬಿಡುವುದನ್ನು ಸೌಮ್ಯ ಆಗಲೇ ಕನಸಿನಲ್ಲಿ ಕಂಡವಳಂತೆ ಮುಖ ಮಾಡಿಕೊಂಡು ಮನೆಯಲ್ಲಿ ತಿರುಗುತ್ತಿದ್ದಳು.

ಶಾಲಾ ಸಮಿತಿಯ ಅಧ್ಯಕ್ಷೆ ನನ್ನ ಅವ್ವ, ನಾಗಿ. ಅವಳು ಹಿತ್ತಿಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು.

“ಅವ್ವಾ, ಶಾಲೆ ಮುಚ್ಚಾಕೆ ಸಹಿ ಹಾಕಿಕೊಟ್ಟಿದ್ಯಾ?”

“ನಾ ಎಂತಕ್ಕೆ ಹಾಕ್ಲಿ? ತಲೆ ಸರಿ ಅದೆಯನಾ ನಿಂಗೆ?”

“ಹಾಕಿದ್ದೀರಂತೆ. ಸಮಿತಿಯ ಒಂಬತ್ತು ಜನನೂ.”

ಅವಳು ಕುಟ್ಟುವ ಕಲ್ಲನ್ನು ಕೆಳಗಿಟ್ಟಳು. ಆಮೇಲೆ ತಿರುಗಿ ಎತ್ತಿಕೊಂಡಳು. “ಮಾಸ್ತರ್ರನ್ನ ಕೇಳ್ವ,” ಎಂದಳು.

ಮರುದಿನ ಹೋದೆವು. ಪ್ರಭಾರಿ ಮುಖ್ಯ ಮಾಸ್ತರು ಮಧುಕೇಶ್ವರ ಸರ್ ಬನವಾಸಿ ಕಡೆಯವರು, ನಮ್ಮೂರಿಗೆ ಬಂದು ಹನ್ನೆರಡು ವರ್ಷ. ಅವ್ವನಿಗೆ ಹೆಸರು ಬರೆಯಲು ಕಲಿಸಿದವರು ಅವರೇ. ಎರಡು ಅಕ್ಷರ ಬರೆದು, ಕೆಳಗೊಂದು ಗೆರೆ ಎಳೆದು, ಆ ಗೆರೆಯ ತುದಿಗೆ ಒಂದು ಚುಕ್ಕಿ ಇಡುತ್ತಾಳೆ ಅವ್ವ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತು ಎಂದರೆ ಇವತ್ತಿಗೂ ಜಗಳ ತೆಗೆಯುತ್ತಾಳೆ.

“ಬಾರಪಾ ಉಲ್ಲಾಸ. ಬರ್ರಿ ನಾಗಮ್ಮಾರ,” ಎಂದರು ಸರ್. ನಾವು ಕೇಳುವ ಮೊದಲೇ ಎದ್ದು ಕಪಾಟು ತೆಗೆದು ಠರಾವು ಪುಸ್ತಕ ತಂದು ಮುಂದಿಟ್ಟರು. ಯಾರಾದರೂ ಬಂದು ಕೇಳಲಿ ಎಂದು ಅವರೂ ಕಾದಿದ್ದರೇನೋ.

ಏಪ್ರಿಲ್ ಇಪ್ಪತ್ತೆರಡರ ಸಭೆ. ವಿಲೀನದ ವಿಷಯ ಚರ್ಚಿಸಲಾಯಿತು, ಮಕ್ಕಳ ಹಿತದೃಷ್ಟಿಯಿಂದ ಎಲ್ಲರೂ ಒಪ್ಪಿದರು ಎಂದು ಸರ್ ಅವರ ಗುಂಡು ಅಕ್ಷರ. ಕೆಳಗೆ ಒಂಬತ್ತು ಸಹಿ. ಅವ್ವನ ಸಹಿಯ ಪಕ್ಕದಲ್ಲಿ ಒಣಗಿದ ಕೆಸರಿನ ಬೆರಳಚ್ಚು.

“ಏಪ್ರಿಲಲ್ಲಿ ಎಲ್ಲಿಯ ಕೆಸರು ಸರ್?” ಎಂದೆ.

ಅವ್ವ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಆ ಕೆಸರು ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದದ್ದೇ.

ಜೂನ್ ಕೊನೆಗೆ ನಮ್ಮಲ್ಲಿ ನೆಟ್ಟಿ. ಗದ್ದೆಯಲ್ಲಿ ಸಸಿ ನೆಡುವ ಆ ಹದಿನೈದು ದಿನ ಸಭೆ ಗಿಭೆ ಎಂದರೆ ಯಾರೂ ಬರುವುದಿಲ್ಲ. ಆಮೇಲೆ ಕಳೆ, ಆಮೇಲೆ ಕೊಯ್ಲು. ತಿಂಗಳಿಗೊಂದು ಸಭೆ ಆಗಲೇಬೇಕು ಎಂದು ಮೇಲಿನಿಂದ ಸುತ್ತೋಲೆ. ಹಾಗಾಗಿ ಸರ್ ಜೂನಿನಲ್ಲಿ ಒಂದು ದಿನ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಗದ್ದೆಯ ಬದುವಿಗೇ ಬರುತ್ತಿದ್ದರು. ನೆಟ್ಟಿಯವರು ಸೊಂಟ ನೆಟ್ಟಗೆ ಮಾಡಿ, ಕೈಯನ್ನು ಸೀರೆಗೋ ಪಂಚೆಗೋ ಒರೆಸಿ, ಹನ್ನೆರಡು ಖಾಲಿ ಹಾಳೆಗೆ ಹನ್ನೆರಡು ಸಹಿ ಹಾಕುತ್ತಿದ್ದರು. ವರ್ಷದ ಸಭೆಗಳೆಲ್ಲ ಮುಗಿದವು. ಸರ್‌ಗೆ ಒಂದು ಲೋಟ ಮಜ್ಜಿಗೆ. ಇದನ್ನು ಯಾರೂ ತಪ್ಪು ಎಂದುಕೊಂಡಿರಲಿಲ್ಲ. ದೂರದ ಮಾಸ್ತರು ಕೆಸರು ತುಳಿದು ಬದುವಿನ ತನಕ ಬರುತ್ತಾರಲ್ಲ ಎಂದು ಹೊಗಳುತ್ತಿದ್ದರು.

ಅವ್ವ ಒಂದೊಂದೇ ಸಹಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. ಅವಳಿಗೆ ಓದು ಬಾರದು, ಆದರೆ ಯಾರ ಸಹಿ ಹೇಗಿರುತ್ತದೆ ಎಂದು ಗೊತ್ತು. ಐದನೆಯದರ ಮೇಲೆ ಬೆರಳು ನಿಂತಿತು. ಕುಡುಗೋಲಿನಂತೆ ಬಾಗಿದ ಸಹಿ.

“ಇದು ಹುಚ್ಚಣ್ಣಂದು.”

ಹುಚ್ಚಣ್ಣ ಮಾರ್ಚಿನಲ್ಲೇ, ಹೋಳಿ ಹಬ್ಬ ಮುಗಿದ ವಾರ ತೀರಿಕೊಂಡಿದ್ದ. ಅವನ ಹನ್ನೆರಡನೆಯ ದಿನದ ಊಟಕ್ಕೆ ಸರ್ ಕೂಡ ಬಂದಿದ್ದರು.

“ಸತ್ತವನೂ ಬಂದು ಒಪ್ಪಿ ಹೋಗಿದ್ದಾನೆ,” ಎಂದೆ. ನನ್ನ ದನಿ ಏರಿತ್ತು. “ಭಾರೀ ಸಭೆ ಸರ್ ನಿಮ್ದು.”

“ಮೂರಕ್ಕ ಆಫೀಸಿನಿಂದ ಫೋನ್ ಬಂತಪಾ,” ಎಂದರು ಸರ್. “ನಾಲ್ಕರೊಳಗ ಠರಾವಿನ ಫೋಟೊ ವಾಟ್ಸಾಪಿಗೆ ಹಾಕ್ರಿ, ಎಲ್ಲಾ ಶಾಲಿಯವ್ರೂ ಹಾಕ್ಯಾರ, ನಿಮ್ದೊಂದ ಬಾಕಿ ಅಂದ್ರು. ಸಹಿ ಇದ್ದುವು. ಬರದೆ.”

“ಬರೆಯೋಕ್ಕಿಂತ ಮುಂಚೆ ಊರಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ?”

“ಕೇಳಬಹುದಿತ್ತು.”

ಇಷ್ಟೇ. ಅವರು ಜಗಳಕ್ಕೆ ನಿಂತಿದ್ದರೆ ನನಗೆ ಹಿತವಾಗುತ್ತಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತರು. ನನಗೆ ಆ ಶಾಲೆಯ ಮೇಲೆ ಹಳೆಯ ಸಿಟ್ಟೂ ಇತ್ತು. ನಾನು ಒಂಬತ್ತನೆಯದರಲ್ಲಿದ್ದಾಗ ಇಡೀ ವರ್ಷ ಗಣಿತಕ್ಕೆ ಮಾಸ್ತರರಿರಲಿಲ್ಲ. ಗಣಿತದ ಪಿರಿಯಡ್ಡಿನಲ್ಲಿ ನಾವು ಅಂಗಳದ ಹುಲ್ಲು ಕೀಳುತ್ತಿದ್ದೆವು. ಪರೀಕ್ಷೆಯಲ್ಲಿ ನಾನು ಮಣ್ಣು ಮುಕ್ಕಿದೆ, ಶಾಲೆ ಬಿಟ್ಟೆ. ಬಿಟ್ಟ ಮೇಲೆಯೂ ಹನ್ನೊಂದು ತಿಂಗಳು ನನ್ನ ಹೆಸರು ಹಾಜರಿಯಲ್ಲಿತ್ತು. ಸಂಖ್ಯೆ ಕಡಿಮೆಯಾದರೆ ಒಬ್ಬ ಮಾಸ್ತರರನ್ನು ಎತ್ತುತ್ತಾರೆ ಎಂದು. ನಾನು ಸಿದ್ದಾಪುರದಲ್ಲಿ ಕಿಟಕಿಯ ಸರಳು ಕೂಡಿಸುತ್ತಿದ್ದಾಗ ಇಲ್ಲಿ ನನಗೆ ದಿನವೂ ಹಾಜರಿ ಬೀಳುತ್ತಿತ್ತು. ಬೇಕಾದಾಗ ಎಣಿಸುತ್ತಾರೆ, ಬೇಡವಾದಾಗ ಇನ್ನೊಂದು ಶಾಲೆಗೆ ಕೂಡಿಸಿ ಬಿಸಾಡುತ್ತಾರೆ.

ಮಂಗಳವಾರ ಅವ್ವ, ನಾನು, ಸರ್ ಮೂವರೂ ಸಿದ್ದಾಪುರದ ಶಿಕ್ಷಣಾಧಿಕಾರಿಯ ಆಫೀಸಿಗೆ ಹೋದೆವು. ಸಾಹೇಬರ ಮೇಜಿನ ಮೇಲೆ ಇಂಥವೇ ಕಡತಗಳ ರಾಶಿ. ಅದರ ಹಿಂದೆ ಅವರ ತಲೆ ಮಾತ್ರ ಕಾಣುತ್ತಿತ್ತು. ನಾನು ಕೆಸರು ತೋರಿಸಿದೆ, ಹುಚ್ಚಣ್ಣನ ಸಹಿ ತೋರಿಸಿದೆ, ಸಾವಿನ ದಾಖಲೆ ತೋರಿಸಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಇದನ್ನ ಎಬ್ಬಿಸಿದ್ರೆ ಇವರು ಅಮಾನತು. ಸುಳ್ಳು ಠರಾವಿಗೆ ಅಧ್ಯಕ್ಷರ ಸಹಿ ಅಂತ ನಿಮ್ಮ ತಾಯಿ ಮೇಲೂ ಕೇಸು. ಆಗ್ಲಾ?”

ನಾನು ಆಗಲಿ ಎನ್ನುವವನಿದ್ದೆ. ಅವ್ವ ನನ್ನ ಕೈ ಹಿಡಿದಳು.

“ಹಂಗಾರೆ ಎಂತ ಮಾಡ್ಬೇಕು ಸಾಹೇಬ್ರೆ?” ಎಂದಳು.

“ಶನಿವಾರ ಸಂಜೆ ನಾಲ್ಕರೊಳಗೆ ಹೊಸ ಠರಾವು ತನ್ನಿ. ಒಂಬತ್ತರಲ್ಲಿ ಐದು ಜನರ ಹಾಜರಿ ಸಹಿ ಬೇಕು. ಹಳೇದು ರದ್ದು ಅಂತ ಬರೀರಿ, ಬೇಡ ಅಂದ್ರೆ ಬೇಡ ಅಂತ ಬರೀರಿ. ನಾನು ಮೇಲಕ್ಕೆ ಕಳಿಸ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಇಲ್ಲಮ್ಮ.”

ಹೊರಗೆ ಬಂದು ಚಹಾ ಕುಡಿಯುವಾಗ ಸರ್ ಪುಸ್ತಕವನ್ನು ಮಡಿಲ ಮೇಲಿಟ್ಟುಕೊಂಡು ಹಾಳೆ ತಿರುವಿದರು. “ಇನ್ನೆರಡು ಹಾಳಿ ಉಳದಾವ. ಮೇದು, ಜೂನಿಂದು. ಎಲ್ಲಾರ ಸಹಿ ಅದಾವ. ಹುಚ್ಚಣ್ಣನ ಸಹಿ ಮ್ಯಾಲೆ ಒಂದೀಟು ಚಹಾ ಚೆಲ್ಲಿದ್ರ ಮುಗೀತು. ಉಲ್ಲಾಸ, ನೀ ಹೇಳಪಾ, ನೀ ಹೇಳಿದಂಗ ಬರೀತೇನಿ. ಇಲ್ಲೇ ಕೂತು ಬರದು ಒಳಗ ಕೊಟ್ಟು ಹೋಗೂನು.”

ಆಫೀಸಿನವರ ಕೋಲನ್ನೇ ತೆಗೆದುಕೊಂಡು ಅವರಿಗೇ ಹೊಡೆದಂತೆ ಎನಿಸಿತು. “ಬರೀರಿ ಸರ್,” ಎಂದೆ. “ಮಕ್ಕಳ ಹಿತದೃಷ್ಟಿಯಿಂದ ಅಂತಲೇ ಶುರುಮಾಡಿ.”

ಸರ್ ಜೇಬಿನಿಂದ ಪೆನ್ನು ತೆಗೆದರು. ಅವ್ವ ಆ ಪೆನ್ನನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಎರಡೂ ಹಾಳೆಗಳಲ್ಲಿ ತನ್ನ ಸಹಿಯನ್ನು ಹುಡುಕಿ, ಅದರ ಮೇಲೆ ಗೆರೆ ಹೊಡೆದಳು. ಹೆಸರಿನ ಕೆಳಗೆ ಗೆರೆ ಎಳೆಯುವಷ್ಟೇ ಜಾಗ್ರತೆಯಿಂದ, ಈ ಸಲ ಹೆಸರಿನ ನಡುವೆ.

“ನನ್ನ ಸಹಿ ನಾ ಹೊಡೆದೆ,” ಎಂದಳು. “ಇನ್ನು ಓದಿ ಹೇಳಿದ ಮೇಲೇ ಹಾಕೂದು. ಉಳಿದವರಿಗೂ ಹಂಗೇ.”

ಬಸ್ ಸ್ಟ್ಯಾಂಡಿನ ತನಕ ನಾನು ಅವಳ ಹಿಂದೆ ಬೈಯುತ್ತಲೇ ಹೋದೆ. “ಈಗ ಬಂತಾ ಬುದ್ಧಿ? ಇಷ್ಟು ವರ್ಷ ಬದುವಿನ ಮೇಲೆ ನಿಂತು ಹಾಕುವಾಗ ಎಲ್ಲಿ ಹೋಗಿತ್ತು? ನಾಲ್ಕು ದಿನದಲ್ಲಿ ಐದು ಜನನ ಎಲ್ಲಿಂದ ತರ್ತೆ? ಇಬ್ಬರು ಗೋವಾದಲ್ಲಿ, ಒಬ್ಬ ಆಸ್ಪತ್ರೆಯಲ್ಲಿ, ಒಬ್ಬ ಸ್ಮಶಾನದಲ್ಲಿ!”

ಅವ್ವ ನಿಂತಳು. “ನೀ ಶಾಲೆ ಬಿಟ್ಯಲ್ಲ ತಮಾ, ಆ ಟಿ.ಸಿ. ಪುಸ್ತಕದಲ್ಲೂ ನನ್ನದೇ ಸಹಿ ಅದೆ. ಅದೂ ಬದುವಿನ ಮೇಲೇ ಹಾಕಿದ್ದು. ಎಂತದಿದು ಅಂತ ನಾ ಕೇಳಿರ್ಲಿಲ್ಲ.”

ಬಸ್ಸಿನಲ್ಲಿ ಅವಳ ಟಿಕೆಟನ್ನೂ ನಾನೇ ತೆಗೆಸಿದೆ.

ಗುರುವಾರ ಸಂಜೆ ಶಾಲೆಯಲ್ಲಿ ಸಭೆ ಆಯಿತು. ಬಹುಶಃ ಆ ಪುಸ್ತಕದ ಮೊದಲನೆಯ ನಿಜವಾದ ಸಭೆ. ಅವ್ವ, ಮಮತಕ್ಕ, ಮೇಲಿನಕೇರಿಯ ಗಂಡಸರಿಬ್ಬರು. ನಾಲ್ಕು ಜನ. ಬೆಂಚಿನ ಮೇಲೆ ಕೂರಲು ಅವರಿಗೆ ಸಂಕೋಚ. ಮಮತಕ್ಕ ಹಿಂದಿನ ಬೆಂಚಿಗೇ ಹೋಗಿ, “ನಾ ಇಲ್ಲೇ ಕೂರೂದು ಸರ್. ಪ್ರಶ್ನೆ ಕೇಳಬ್ಯಾಡಿ ಮತ್ತೆ,” ಎಂದಳು. ಸರ್ ಹೊಸ ಹಾಳೆಯಲ್ಲಿ ಬರೆದು ಓದಿದರು. ಮೇಲಿನಕೇರಿಯ ಮುದುಕ ಇನ್ನೊಮ್ಮೆ ಓದಿ ಎಂದ. ಇನ್ನೊಮ್ಮೆ ಓದಿದರು. ‘ರದ್ದು’ ಬಂದಾಗ ಅವನು ತಲೆಯಾಡಿಸಿದ. ನಾಲ್ವರೂ ಸಹಿ ಹಾಕಿದರು. ಎಲ್ಲರ ಕೈಯೂ ಒಣಗಿತ್ತು.

ಐದನೆಯ ಸಹಿ ಸುಭಾಷಣ್ಣನದು. ಅವನ ಮಗ ಕಾರ್ತಿಕ ಸೌಮ್ಯಳ ತರಗತಿಯವನೇ. ಸುಭಾಷಣ್ಣ ಯಲ್ಲಾಪುರದಾಚೆ ಕಿರವತ್ತಿಯ ಒಂದು ಧಾಬಾದಲ್ಲಿ ಅಡಿಗೆಗಿದ್ದ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವವನು, ಮೊನ್ನೆಯಷ್ಟೇ ಬಂದು ಹೋಗಿದ್ದ.

“ಪುಸ್ತಕ ತಗೊಂಡು ನೀನೇ ಹೋಗು,” ಎಂದಳು ಅವ್ವ. “ಅವಂಗೆ ಪೂರ್ತಿ ಓದಿ ಹೇಳು. ಬಾಯಿಮಾತಲ್ಲಿ ಅಲ್ಲ. ಓದಿ.”

ಶುಕ್ರವಾರ ಬೆಳಿಗ್ಗೆ ಬೈಕು ಹಿಡಿದು ಹೊರಟೆ. ಶಿರಸಿಯಲ್ಲಿ ಪೆಟ್ರೋಲು, ಭೈರುಂಬೆ ಕಡೆಯ ತಿರುವಿನಲ್ಲಿ ಒಂದು ಚಹಾ, ಯಲ್ಲಾಪುರದಲ್ಲಿ ಚೈನು ಕಳಚಿ ಅರ್ಧ ಗಂಟೆ ದಂಡ. ಹೆದ್ದಾರಿ ಸೇರಿದ ಮೇಲೆ ಲಾರಿಗಳ ಧೂಳು. ಬೆನ್ನಿನ ಚೀಲದಲ್ಲಿ ಪುಸ್ತಕ ಬೆವರು ಕುಡಿದು ಭಾರವಾಗಿತ್ತು. ಅದರೊಳಗೆ ಸುಭಾಷಣ್ಣನ ಸಹಿ ಇರುವ ಖಾಲಿ ಹಾಳೆ ಎರಡು ಇನ್ನೂ ಇದ್ದವು. ಅವ್ವ ಹೊಡೆದದ್ದು ತನ್ನ ಸಹಿಯನ್ನು ಮಾತ್ರ. ಸುಭಾಷಣ್ಣನ ಸಹಿ ನೋಡಿ ಅಂಥದ್ದನ್ನೇ ಹೊಸ ಠರಾವಿನ ಹಾಳೆಯ ಮೇಲೆ ನಾನೇ ಗೀಚಿಕೊಂಡು ಶಿರಸಿಯಿಂದಲೇ ತಿರುಗಬಹುದಿತ್ತು. ದಾರಿಯಲ್ಲಿ ಇದನ್ನು ನಾನು ಒಂದು ಸಲ ಅಲ್ಲ, ಹತ್ತು ಸಲ ಯೋಚಿಸಿದೆ.

ಮುಟ್ಟಿದಾಗ ಮಧ್ಯಾಹ್ನದ ಊಟದ ಗಡಿಬಿಡಿ. ಸುಭಾಷಣ್ಣ ಭಟ್ಟಿಯ ಮುಂದೆ ಬನಿಯನ್ನಿನಲ್ಲಿ ನಿಂತು ರೊಟ್ಟಿ ಎಳೆಯುತ್ತಿದ್ದ.

“ಓಹೋ, ಉಲ್ಲಾಸ! ಎಂತದು ಇಷ್ಟು ದೂರ? ಯಾರಾದ್ರೂ ಸತ್ರಾ?”

“ಶಾಲೆ ಸಾಯ್ತಾ ಅದೆ.”

“ಹಂಗಾರೆ ಅರ್ಜೆಂಟಿಲ್ಲ. ಕೂತ್ಕೊ, ಉಣ್ಣು.”

ಮೂರು ಗಂಟೆಗೆ ಅವನಿಗೆ ಬಿಡುವಾಯಿತು. ಹಿಂದಿನ ಹಗ್ಗದ ಮಂಚದ ಮೇಲೆ ಕೂತೆವು. ಪಕ್ಕದ ಮಂಚಗಳಲ್ಲಿ ಲಾರಿಯವರು ಕಾಲು ಚಾಚಿದ್ದರು. ನಾನು ಪುಸ್ತಕ ತೆರೆದು ಸಹಿಯ ಜಾಗ ತೋರಿಸಿದೆ. ಬಾಯಿ ತಪ್ಪಿ, “ಇಲ್ಲಿ ಹಾಕಣ್ಣ,” ಎಂದೂಬಿಟ್ಟೆ. ಅವನು ಪೆನ್ನು ತೆಗೆದುಕೊಳ್ಳಲು ಕೈ ಚಾಚಿದ. ಅಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು. ಯಾಕೋ ನನಗೇ ತಡೆಯಲಿಲ್ಲ.

“ತಡಿ. ಓದ್ತೆ. ಅವ್ವ ಹೇಳಿದ್ದಾಳೆ.”

ಎಂಟು ವರ್ಷವಾಗಿತ್ತು ನಾನು ಬಾಯಿಬಿಟ್ಟು ಓದಿ. ಫೋನಿನಲ್ಲಿ ಕಣ್ಣು ಓಡಿಸುವುದು ಬೇರೆ. ಮೊದಲ ಸಾಲಿನಲ್ಲೇ ಎಡವಿದೆ. ಟಿವಿಯ ಗದ್ದಲಕ್ಕೆ ದನಿ ಎತ್ತಬೇಕಾಯಿತು, ಎತ್ತಿದಾಗ ಲಾರಿಯವನೊಬ್ಬ ಎದ್ದು ಕೂತು ನೋಡಿದ. ಬಿಡದೆ ಕೊನೆಯ ತನಕ ಓದಿದೆ. ಹಿಂದಿನ ಠರಾವು ಊರಿಗೆ ತಿಳಿಯದೆ ಆದದ್ದು, ಅದನ್ನು ರದ್ದು ಮಾಡಲಾಗಿದೆ, ಶಾಲೆಯನ್ನು ಈಗಿರುವಲ್ಲೇ ಮುಂದುವರಿಸಬೇಕು.

ಸುಭಾಷಣ್ಣ ಬೀಡಿ ಹಚ್ಚಿದ. “ಇದಕ್ಕೆ ನಂದು ಒಪ್ಪಿಗೆ ಇಲ್ಲ,” ಎಂದ.

“ಎಂತ?”

“ಇಲ್ಲ ಮಾರಾಯ. ಓದಿದ್ಯಲ್ಲ, ಕೇಳಿದೆ. ಒಪ್ಪಿಗೆ ಇಲ್ಲ.”

“ಕಾರ್ತಿಕ ಅಲ್ಲೇ ಓದ್ತಾನಲ್ಲ!”

“ಅದಕ್ಕೇ. ಅವಂಗೆ ಒಂದು ವರ್ಷದಿಂದ ವಿಜ್ಞಾನ ಯಾರು ಕಲಿಸ್ತಾರೆ ಗೊತ್ತನಾ? ಮಧುಕೇಶ್ವರ ಸರ್. ಅವರದ್ದು ಕನ್ನಡ ವಿಷಯ. ಪಾಪ, ಪುಸ್ತಕ ನೋಡಿ ಓದ್ತಾರೆ, ಇವನು ನೋಡಿ ಬರೀತಾನೆ. ದೊಡ್ಡ ಶಾಲೆಯಲ್ಲಿ ಏಳು ಜನ ಮಾಸ್ತರ್ರಿದ್ದಾರೆ.” ಅವನು ನನ್ನ ಕಡೆ ತಿರುಗಿದ. “ನಿಂಗೆ ಯಾರು ಕಲಿಸಿದ್ರೋ ಗಣಿತ?”

ನಾನು ಪೆನ್ನಿನ ಮುಚ್ಚಳ ಹಾಕಿದೆ.

“ನಿನ್ನ ಓಡಿಸಿದ್ದು ಇದೇ ಶಾಲೆ. ಈಗ ಇದನ್ನೇ ಉಳಿಸ್ಬೇಕು ಅಂತ ನೂರು ಕಿಲೋಮೀಟರ್ ಗಾಡಿ ಹೊಡ್ಕೊಂಡು ಬಂದಿದ್ದೆ. ನಿಂಗೆ ಸಿಟ್ಟು ಯಾರ ಮೇಲೆ ಹೇಳು?”

ಭಟ್ಟಿಯ ಬೂದಿ ಗಾಳಿಗೆ ಹಾರಿ ಪುಸ್ತಕದ ಮೇಲೆ ಬೀಳುತ್ತಿತ್ತು, ಒರೆಸಿದೆ.

“ಸೌಮ್ಯಂಗೆ ಅಪ್ಪ ಕಳಿಸೂದಿಲ್ಲ,” ಎಂದೆ ಕಡೆಗೆ. “ಬಸ್ಸಿಲ್ಲ. ಕಾಡುದಾರಿ.”

ಅವನು ಬೀಡಿಯನ್ನು ಮಂಚದ ಕಾಲಿಗೆ ಒತ್ತಿ ಆರಿಸಿದ. “ಅದು ಹೌದು,” ಎಂದ. “ಆ ಮಾತು ಇದರಲ್ಲಿ ಎಲ್ಲಿ ಬರೆದಿದ್ದೀರಿ?”

ಬರೆದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು ಎಂದು ಯಾರೂ ಬರೆದಿರಲಿಲ್ಲ.

“ಬರಿ. ಸುಭಾಷ ಇವರು ವಿಲೀನಕ್ಕೆ ಒಪ್ಪುತ್ತಾರೆ, ಠರಾವಿಗೆ ಒಪ್ಪುವುದಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಊರ ಬಾಗಿಲಿಗೆ ಬಸ್ಸು ಬರಬೇಕು, ಸಂಜೆ ಐದೂವರೆಗೆ ತಂದು ಬಿಡಬೇಕು. ಅಲ್ಲಿಯವರೆಗೆ ಒಂದು ಬೆಂಚೂ ಎತ್ತಕೂಡದು. ಬರಿ ಬರಿ.”

ಬರೆದೆ. ನನ್ನ ಅಕ್ಷರ ಸರ್ ಅವರ ಅಕ್ಷರದ ಕೆಳಗೆ ಕೋಳಿ ಕೆದರಿದಂತೆ ಕಂಡಿತು. ಅವನು ಅದನ್ನೂ ಓದಿಸಿ ಕೇಳಿ, ಕೆಳಗೆ ಸಹಿ ಹಾಕಿದ. “ಐದು ಜನ ಆತಲ್ಲ? ಒಪ್ಪದವನೂ ಹಾಜರಿ ಹೌದಲ್ಲ?” ಎಂದು ನಕ್ಕು, ಎರಡು ರೊಟ್ಟಿ ಕಾಗದದಲ್ಲಿ ಸುತ್ತಿಕೊಟ್ಟ.

ಮನೆಗೆ ಬಂದು ಅವ್ವನಿಗೆ ಹೇಳಿದೆ. “ಓದದೇ ಹಾಕಿಸಿದ್ರೆ ಹಾಕ್ತಿದ್ದ. ಈಗ ನೋಡು.”

“ಈಗ ಅವನ ಮಾತೂ ಬಂತು,” ಎಂದಳು ಅವ್ವ. ಸಮಾಧಾನವೋ ಬೇಸರವೋ ಗೊತ್ತಾಗಲಿಲ್ಲ. ಅವಳ ಸೊಂಟ ನೋಯುತ್ತಿತ್ತು, ಮಲಗಲು ಹೋದಳು.

ಶನಿವಾರ ಮೂರೂ ಮುಕ್ಕಾಲಿಗೆ ಠರಾವು ಕೊಟ್ಟೆವು. ಹಾಜರಿ ಐದು, ಒಪ್ಪಿದವರು ನಾಲ್ವರು, ಒಪ್ಪದವನು ಒಬ್ಬ. ಗುಮಾಸ್ತ ಸಿಕ್ಕಾ ಹೊಡೆದು ಪ್ರತಿ ಕೊಟ್ಟ. ಹದಿನೆಂಟು ದಿನ ಏನೂ ಸುದ್ದಿ ಇಲ್ಲ. ಜೂನ್ ಶುರುವಾಯಿತು. ಸೌಮ್ಯ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿದಳು, ತೆಗೆದಳು. ಅಪ್ಪ ಜಯಾ ಚಿಕ್ಕಿಗೆ ಫೋನು ಮಾಡಿದ. ಮಕ್ಕಳು ನಾನು ಅರ್ಧ ಕೂಡಿಸಿಬಿಟ್ಟ ಗೇಟು ಎತ್ತಿ ಸರಿಸಿ ಒಳಗೆ ಹೋಗಿ, ಬರುವ ಮಾಸ್ತರರಿಲ್ಲದೆ ಹನ್ನೊಂದಕ್ಕೆ ತಿರುಗಿ ಬರುತ್ತಿದ್ದರು. ಇನ್ನೊಬ್ಬ ಮಾಸ್ತರರು ಆಗಲೇ ದೊಡ್ಡ ಶಾಲೆಗೆ ಹೋಗಿದ್ದರು. ಮಧುಕೇಶ್ವರ ಸರ್ ಅವರನ್ನು ಹೆಚ್ಚುವರಿ ಎಂದು ಮಾಡಿ ಬೇರೆ ತಾಲ್ಲೂಕಿಗೆ ಹಾಕಿದ್ದರು. ಹೋಗುವ ದಿನ ನಮ್ಮ ಮನೆಗೆ ಬಂದು ಅವ್ವನಿಗೆ ಒಂದು ಪೆನ್ನು ಕೊಟ್ಟರು. ನಾನು ಹೊರಗೆ ಬರಲಿಲ್ಲ. ಬರಬಹುದಿತ್ತು.

ಹತ್ತೊಂಬತ್ತನೆಯ ದಿನ ಪತ್ರ ಬಂತು. ಸೌಮ್ಯ ಓದಿದಳು. ವಿಲೀನದ ಆದೇಶದಲ್ಲಿ ಬದಲಾವಣೆ ಇಲ್ಲ. ಆದರೆ ಸದಸ್ಯರು ಸೂಚಿಸಿದಂತೆ ಸಾರಿಗೆ ವ್ಯವಸ್ಥೆ ಕಲ್ಪಿಸಲು ಸಂಬಂಧಪಟ್ಟವರಿಗೆ ಬರೆಯಲಾಗಿದೆ, ಸೋಮವಾರದಿಂದ ಬಸ್ಸು ಗೇರಹಕ್ಕಲಿನ ಊರಬಾಗಿಲ ಮೋರಿಯ ತನಕ ಬರುತ್ತದೆ.

ಆಮೇಲೆ ನನಗೆ ಗೊತ್ತಾಯಿತು. ಆಫೀಸಿನ ಫಾರಮ್ಮಿನಲ್ಲಿ ‘ಬೇಡ’ ಎನ್ನುವುದಕ್ಕೆ ಕಾಲಮ್ಮೇ ಇರಲಿಲ್ಲ. ಸಾರಿಗೆಗೆ ಒಂದು ಇತ್ತು. ಅವ್ವನೂ ಸೇರಿ ನಾಲ್ಕು ಜನ ಒಪ್ಪಿ ಬರೆಸಿದ್ದನ್ನು ಯಾರೂ ಓದಲಿಲ್ಲ. ಒಪ್ಪದವನೊಬ್ಬ ನನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆಸಿದ್ದನ್ನು ಓದಿದರು.

ಅಪ್ಪ ಪತ್ರವನ್ನು ಎರಡು ಸಲ ಓದಿಸಿದ. “ಮೋರಿ ತನಕ ಬರ್ತದಾ?” ಎಂದ. “ಹಂಗಾರೆ ಹೋಗ್ಲಿ.” ಜಯಾ ಚಿಕ್ಕಿಗೆ ಫೋನು ಮಾಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಸೌಮ್ಯ ಈಗ ದೊಡ್ಡ ಶಾಲೆಗೆ ಹೋಗುತ್ತಾಳೆ. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು. ಒಂದು ಕೋಣೆಯಲ್ಲಿ ಅರವತ್ತೆಂಟು ಮಕ್ಕಳು, ಇವಳು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಾಳಂತೆ. ವಾರದಲ್ಲಿ ಒಂದೆರಡು ದಿನ ಬಸ್ಸು ಮೋರಿಗೆ ಬರುವುದಿಲ್ಲ. ಅಂಥ ದಿನ ನಾನು ಬೈಕಿನಲ್ಲಿ ಬಿಟ್ಟು ಶಾಪಿಗೆ ತಡವಾಗಿ ಹೋಗಿ ಬೈಸಿಕೊಳ್ಳುತ್ತೇನೆ. ನಮ್ಮ ಶಾಲೆಯ ಗೇಟು ಹಾಗೇ ಜೋತಾಡುತ್ತಿದೆ. ನನಗೆ ಮುಗಿಸಲು ಮನಸ್ಸಿಲ್ಲ, ಕೀಳಲೂ ಮನಸ್ಸಿಲ್ಲ.

ಆಗಸ್ಟಿನಲ್ಲಿ ದೊಡ್ಡ ಶಾಲೆಯ ಸಮಿತಿಗೆ ನಮ್ಮೂರಿನಿಂದ ಒಬ್ಬರು ಬೇಕೆಂದು ಅವ್ವನನ್ನು ಕರೆದರು. ಕಳೆ ಕೀಳುವ ಕಾಲ. ಕೆಲಸ ಬಿಟ್ಟು ಬಸ್ಸು ಹತ್ತಿ ಹೋದಳು. ಅತ್ತ ಕಡೆಯ ಮನೆಯೊಂದರ ಕಿಟಕಿಗೆ ಸರಳು ಕೂಡಿಸಿ ಬರುತ್ತಿದ್ದ ನಾನು ಸಂಜೆ ಹೋಗಿ ಬಾಗಿಲ ಹೊರಗೆ ನಿಂತೆ. ಸೌಮ್ಯ ಚೀಲ ಬೆನ್ನಿಗೇರಿಸಿ ಆಗಲೇ ತಯಾರಾಗಿದ್ದಳು. ಊರಿಗೆ ಬರುವ ಬಸ್ಸು ಐದಕ್ಕೆ ಹೊರಡುವುದು. ಐದಕ್ಕೆ ಹತ್ತು ನಿಮಿಷ ಇತ್ತು.

ಒಳಗೆ ಹದಿನೈದು ಜನ. ಮುಖ್ಯಾಧ್ಯಾಪಕಿ ಗಂಗಾಂಬಿಕಾ ಮೇಡಂ ಎಲ್ಲರಿಗೂ ಚಹಾ ಕೊಡಿಸಿ, ಪುಸ್ತಕವನ್ನು ಮೇಜಿನ ಸುತ್ತ ಸರಿಸಿದರು. ಸಹಿ ಬೀಳುತ್ತ ಬೀಳುತ್ತ ಪುಸ್ತಕ ಅವ್ವನ ಮುಂದೆ ಬಂತು. ಹಾಳೆಯ ಮೇಲ್ಭಾಗ ಬಿಳಿಯಾಗಿತ್ತು.

“ಅವ್ವಾರ, ನೀವು ಸಹಿ ಹಾಕಿ ಹೋಗ್ರಿ,” ಎಂದರು ಮೇಡಂ. ದನಿಯಲ್ಲಿ ಕಾಳಜಿಯೇ ಇತ್ತು. “ದೂರದಿಂದ ಬಂದೀರಿ. ಬಸ್ಸಿಗೆ ಹೊತ್ತಾತು. ಉಳಿದದ್ದು ನಾವು ಬರ್ಕೋತೇವಿ.”

ಅವ್ವ ಮಡಿಲಿನಿಂದ ಪೆನ್ನು ತೆಗೆದಳು. ಸರ್ ಕೊಟ್ಟದ್ದು. ಮುಚ್ಚಳ ತೆಗೆಯಲಿಲ್ಲ.

“ಬರೀರಿ ಮೇಡಂ,” ಎಂದಳು. “ಬರೆದು ಓದಿ ಹೇಳಿ. ಆಮೇಲೆ ಹಾಕ್ತೆ.”

“ಬಸ್ಸು ಹೋಗ್ತೈತ್ರಿ.”

“ಹೋಗ್ಲಿ.”

ಯಾರೋ ನಕ್ಕರು, ಯಾರೋ ಗಡಿಯಾರ ನೋಡಿದರು. ಸಹಿ ಹಾಕಿ ಎದ್ದು ನಿಂತಿದ್ದ ಒಬ್ಬ ಗಂಡಸು ಎರಡು ಹೆಜ್ಜೆ ಹೋದವನು, ಹಿಂದೆ ತಿರುಗಿ ನೋಡಿ, ಅಲ್ಲೇ ನಿಂತ. ಮೇಡಂ ನಿಟ್ಟುಸಿರು ಬಿಟ್ಟು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಬರೆಯಲು ಶುರುಮಾಡಿದರು. ಹೊರಗೆ ಡ್ರೈವರ್ ಒಮ್ಮೆ ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ. ಸೌಮ್ಯ ನನ್ನ ಮುಖ ನೋಡಿದಳು. ಅವ್ವ ಏಳಲಿಲ್ಲ. ಬಸ್ಸು ಹೊರಟಿತು.

ಬೈಕಿನಲ್ಲಿ ಇಬ್ಬರನ್ನು ಒಟ್ಟಿಗೆ ಕೂರಿಸಿಕೊಂಡು ಕಾಡುದಾರಿಯಲ್ಲಿ ಹೋಗುವ ಹಾಗಿಲ್ಲ. ಒಬ್ಬರನ್ನು ಬಿಟ್ಟು ಬಂದು ಇನ್ನೊಬ್ಬರನ್ನು ಕರೆದೊಯ್ಯಬೇಕು. ಹದಿನಾಲ್ಕು ಹೋಗಲು, ಹದಿನಾಲ್ಕು ಬರಲು, ಮತ್ತೆ ಹದಿನಾಲ್ಕು. ನಾನು ಮನಸ್ಸಿನಲ್ಲೇ ಅವ್ವನನ್ನು ಬೈಯುತ್ತ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಎಷ್ಟಿದೆ ನೋಡಿದೆ.